ನಲವತ್ತರ ಮಗ್ಗಿ ಇಲ್ಲಿ ನಡೆಯುವುದಿಲ್ಲ

ಅಂಚೆಚೀಟಿಗಳ ಆನ್‌ಲೈನ್ ಹರಾಜು ನೋಡುವ ಚಟವಿದ್ದವರಿಗೆ ಈ ಜಾಹೀರಾತು ಪರಿಚಿತ. ಎಪ್ಪತ್ತರ ಅಥವಾ ಎಂಬತ್ತರ ದಶಕದ ಯಾವುದೋ ಸ್ಮರಣಾರ್ಥ ಚೀಟಿಯ ಇಡೀ ಶೀಟು, ಟ್ಯೂಬ್‌ಲೈಟಿನ ಬೆಳಕು ಹೊಳೆಯುತ್ತಿರುವ ಮೊಬೈಲ್ ಫೋಟೊ, ತಲೆಬರಹದಲ್ಲಿ ‘ರೇರ್’, ಕೆಳಗೊಂದು ಲೆಕ್ಕ: ಕ್ಯಾಟಲಾಗಿನಲ್ಲಿ (ಚೀಟಿಗಳ ಬೆಲೆಪಟ್ಟಿಯ ಪುಸ್ತಕದಲ್ಲಿ) ಒಂದಕ್ಕೆ 20 ರೂಪಾಯಿ, ಶೀಟಿನಲ್ಲಿ 40 ಚೀಟಿ, ಒಟ್ಟು 800, ನಮ್ಮ ಆರಂಭದ ಬೆಲೆ ಬರೀ 600. ವಾರ ಮುಗಿಯುತ್ತದೆ, ಒಂದು ಬಿಡ್ಡೂ ಬೀಳುವುದಿಲ್ಲ. ಮುಂದಿನ ವಾರ ಅದೇ ಶೀಟು 500ಕ್ಕೆ ಬರುತ್ತದೆ, ಆಮೇಲೆ 400ಕ್ಕೆ. ಅಷ್ಟರಲ್ಲಿ ಪಕ್ಕದಲ್ಲೇ ಅದೇ ಚೀಟಿಯ ನಾಲ್ಕರ ಬ್ಲಾಕು (ಬಿಡಿಸದೆ ಕೂಡಿಕೊಂಡೇ ಇರುವ ನಾಲ್ಕು ಚೀಟಿ), ಮೂಲೆಯ ಬಿಳಿ ಅಂಚು, ಬಣ್ಣದ ಚುಕ್ಕೆಗಳ ಸಮೇತ, ಎರಡು ಮೂರು ಜನರ ಜಗ್ಗಾಟದಲ್ಲಿ ಒಳ್ಳೆಯ ಬೆಲೆಗೆ ಹೋಗಿರುತ್ತದೆ. ನಾಲ್ಕು ಚೀಟಿಗೆ ಇರುವ ಗಿರಾಕಿ ನಲವತ್ತಕ್ಕೆ ಏಕಿಲ್ಲ?

40ರಿಂದ ಗುಣಿಸಿದ್ದೇ ಮೊದಲ ಎಡವಟ್ಟು. ಕ್ಯಾಟಲಾಗಿನಲ್ಲಿ ಸಾಧಾರಣ ಚೀಟಿಗೆ ಬರೆದಿರುವ ಬೆಲೆಯಲ್ಲಿ ಹೆಚ್ಚಿನ ಪಾಲು ಚೀಟಿಯದ್ದಲ್ಲ, ವ್ಯಾಪಾರಿಯ ಕೂಲಿಯದ್ದು. ಒಂದು ಚೀಟಿಯನ್ನು ಹುಡುಕಿ, ಚಿಮಟದಲ್ಲಿ ಎತ್ತಿ, ಕವರಿಗೆ ಹಾಕಿ, ಬಿಲ್ ಬರೆದು ಕೊಡುವ ಶ್ರಮಕ್ಕೆ ಒಂದು ಕನಿಷ್ಠ ದರ ಇರಲೇಬೇಕು. 40 ಚೀಟಿ ಒಂದೇ ಹಾಳೆಯಾಗಿ ಮಾರುವಾಗ ಆ ಶ್ರಮ ಒಂದೇ ಸಲದ್ದು. ಅದಕ್ಕೇ ಶೀಟಿನ ಬೆಲೆ ಬಿಡಿ ಚೀಟಿಗಳ ಮೊತ್ತಕ್ಕಿಂತ ಕೆಳಗೆ ನಿಲ್ಲುತ್ತದೆ, ಎಷ್ಟೋ ಸಲ ಅರ್ಧಕ್ಕೂ ಕೆಳಗೆ. ಇನ್ನು ಸಂಗ್ರಾಹಕರಲ್ಲಿ ಹೆಚ್ಚಿನವರಿಗೆ ಬೇಕಿರುವುದು ಒಂದು ಚೀಟಿ, ಇಲ್ಲವೇ ಒಂದು ಬ್ಲಾಕು. ಅವರ ಆಲ್ಬಮ್ಮಿನ ಪುಟದಲ್ಲಿ ಶೀಟು ಹಿಡಿಸುವುದೂ ಇಲ್ಲ. ಶೀಟಿಗೆ ಬಿಡ್ ಹಾಕುವವರು ಸುಮಾರಾಗಿ ಮೂರು ಬಗೆ. ಒಡೆದು ಬಿಡಿಯಾಗಿ ಮಾರುವ ವ್ಯಾಪಾರಿ, ಇವನು ಸಗಟು ದರಕ್ಕಿಂತ ಒಂದು ಪೈಸೆ ಮೇಲೆ ಹೋಗುವುದಿಲ್ಲ. ರೈಲು, ಹಕ್ಕಿ, ಕ್ರಿಕೆಟ್, ಗಾಂಧಿ ಎಂದು ಒಂದೇ ವಿಷಯದ ಹಿಂದೆ ಬಿದ್ದವನು, ಇವನು ಚೀಟಿಯ ದೇಶ ನೋಡುವುದಿಲ್ಲ, ಚಿತ್ರ ನೋಡುತ್ತಾನೆ. ಮೂರನೆಯವನು ಶೀಟನ್ನು ಶೀಟಾಗಿಯೇ ಬಯಸುವವನು. ಇವರು ತೀರಾ ಕಡಿಮೆ, ಆದರೆ ಹಣ ಕೊಡುವವರು ಇವರೇ. ಈ ಮೂರನೆಯವನು ಕಾಸು ಕೊಡುವುದು ನಡುವಿನ ಚೀಟಿಗಳಿಗಲ್ಲ. ಸುತ್ತಲಿನ ಬಿಳಿ ಅಂಚಿಗೆ, ಚೀಟಿಗಳ ನಡುವಿನ ಹರಿಯದ ತೂತುಸಾಲಿಗೆ, ಮುಟ್ಟದ ಗೋಂದಿಗೆ. ಮಾರುವವನ ಕೆಲಸವೆಲ್ಲ ಆ ಅಖಂಡತನವನ್ನು ಉಳಿಸುವುದು, ತೋರಿಸುವುದು, ಒಡೆಯದಂತೆ ತಲುಪಿಸುವುದು.

ಒಡೆಯಬೇಕೇ, ಇಡಬೇಕೇ

ಶೀಟು ಒಡೆಯುವ ಪ್ರಶ್ನೆಗೆ ಅತ್ಯಂತ ಪ್ರಸಿದ್ಧ ಉದಾಹರಣೆ ಅಮೆರಿಕದ್ದು. 1918ರ ಮೇ 14ರಂದು ವಾಷಿಂಗ್ಟನ್ನಿನ ಅಂಚೆ ಕಚೇರಿಯೊಂದರಲ್ಲಿ ವಿಲಿಯಂ ರಾಬಿ ಎಂಬಾತ 24 ಸೆಂಟಿನ ಏರ್‌ಮೇಲ್ ಚೀಟಿಯ 100ರ ಶೀಟನ್ನು 24 ಡಾಲರ್ ಕೊಟ್ಟು ಕೊಂಡ. ವಿಮಾನ ತಲೆಕೆಳಗಾಗಿ ಅಚ್ಚಾಗಿತ್ತು. ವ್ಯಾಪಾರಿ ಯೂಜೀನ್ ಕ್ಲೈನ್ ಅದನ್ನು 15,000 ಡಾಲರಿಗೆ ಕೊಂಡು ಕರ್ನಲ್ ಗ್ರೀನ್ ಎಂಬ ಶ್ರೀಮಂತನಿಗೆ 20,000ಕ್ಕೆ ಮಾರಿದ. ಗ್ರೀನ್ ಅದನ್ನು ಒಡೆಸಿದ. ಒಡೆಯುವ ಮೊದಲು ಪ್ರತಿ ಚೀಟಿಯ ಹಿಂಬದಿ ಪೆನ್ಸಿಲಿನಲ್ಲಿ ಅದರ ಸ್ಥಾನಸಂಖ್ಯೆ ಬರೆಯಲಾಯಿತು. ಇವತ್ತಿಗೂ ಆ ಚೀಟಿಗಳನ್ನು ಗುರುತಿಸುವುದು ಆ ಸಂಖ್ಯೆಯಿಂದಲೇ. 49ನೇ ಸ್ಥಾನದ ಒಂದೇ ಒಂದು ಚೀಟಿ 2023ರ ಹರಾಜಿನಲ್ಲಿ 20 ಲಕ್ಷ ಡಾಲರ್ ದಾಟಿತು. ಪ್ರಪಂಚದಲ್ಲಿ ಒಂದೇ ಶೀಟು ಇದ್ದು ಬೇಡುವವರು ನೂರಾರು ಜನ ಇದ್ದಾಗ ಒಡೆದದ್ದೇ ಲಾಭ.

ಇದರ ಎದುರಿಗೆ ಚೀನಾದ 1980ರ ಕೋತಿಯ ಚೀಟಿಯನ್ನು ಇಟ್ಟು ನೋಡಿ. ಮುಖಬೆಲೆ 8 ಫೆನ್, ಶೀಟಿನಲ್ಲಿ 80, ಒಟ್ಟು 6.40 ಯುವಾನ್. ಬಿಡಿ ಚೀಟಿಯೇ ದುಬಾರಿ, ಆದರೆ ಪೂರ್ತಿ ಶೀಟು ಹರಾಜಿನಲ್ಲಿ ಹತ್ತು ಲಕ್ಷ ಯುವಾನ್ ದಾಟಿದ ದಾಖಲೆ ಇದೆ. ಅಲ್ಲಿ ಶೀಟನ್ನೇ ಬಯಸುವ ಮಾರುಕಟ್ಟೆ ಬೆಳೆದಿದೆ. ಒಡೆದ ಪ್ರತಿಯೊಂದು ಶೀಟೂ ಉಳಿದ ಶೀಟುಗಳನ್ನು ಇನ್ನಷ್ಟು ಅಪರೂಪ ಮಾಡುತ್ತದೆ.

ನಮ್ಮ ದೇಶದ ಸಾಧಾರಣ ಶೀಟು ಎರಡೂ ಅಲ್ಲ. ಒಡೆಯುವ ನಿರ್ಧಾರಕ್ಕೆ ಬಂದರೆ ಒಂದು ಕ್ರಮ ಇದೆ. ಮೊದಲು ನಾಲ್ಕು ಮೂಲೆಗಳ ಬ್ಲಾಕುಗಳನ್ನು ಅಂಚಿನ ಸಮೇತ ತೆಗೆಯಬೇಕು. ಆಮೇಲೆ ಬಣ್ಣದ ಚುಕ್ಕೆ ಇರುವ ಭಾಗ (ಮೂಲೆಯಲ್ಲೇ ಇದ್ದರೆ ಒಂದು ಕೆಲಸ ಉಳಿಯಿತು), ಆಮೇಲೆ ಮುದ್ರಣಾಲಯದ ಹೆಸರಿರುವ ಅಂಚಿನ ಜೋಡಿಗಳು. ನಡುವಿನವು ಕಡೆಗೆ. ಕತ್ತರಿ ಮುಟ್ಟಲೇಬಾರದು, ಅಂಚಿನ ಹಲ್ಲು ಕತ್ತರಿಸಿಹೋದ ಚೀಟಿಯನ್ನು ಯಾವ ಸಂಗ್ರಾಹಕನೂ ಪೂರ್ಣ ಎಂದು ಒಪ್ಪುವುದಿಲ್ಲ. ತೂತುಸಾಲಿನ ಮೇಲೆ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಮೆಲ್ಲಗೆ ಮಡಿಸಿ, ಮೇಜಿನ ಮೇಲೆ ಅಂಗೈ ಒತ್ತಿಟ್ಟು, ಒಂದೊಂದೇ ಚೀಟಿಯ ಉದ್ದಕ್ಕೆ ಬಿಡಿಸುತ್ತ ಹೋಗಬೇಕು. ಅವಸರದಲ್ಲಿ ಎಳೆದರೆ ಹಲ್ಲು ಗಿಡ್ಡವಾಗುತ್ತದೆ, ಕೆಲವು ಸಲ ಚೀಟಿಯೊಳಕ್ಕೇ ಹರಿಯುತ್ತದೆ.

ಅಂಚನ್ನು ಓದುವುದು

ಮಾರಾಟಕ್ಕೆ ಇಡುವ ಮೊದಲು ಶೀಟಿನ ಅಂಚಿನಲ್ಲಿ ಏನೇನಿದೆ ಎಂದು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಭಾರತದ ಚೀಟಿಗಳು ಹೆಚ್ಚಾಗಿ ನಾಸಿಕದ ಇಂಡಿಯಾ ಸೆಕ್ಯುರಿಟಿ ಪ್ರೆಸ್ ಅಥವಾ ಹೈದರಾಬಾದಿನ ಸೆಕ್ಯುರಿಟಿ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಅಚ್ಚಾಗುತ್ತವೆ. ಅಂಚಿನಲ್ಲಿ ಮುದ್ರಣಾಲಯದ ಹೆಸರು, ಶೀಟಿನ ಸಂಖ್ಯೆ, ಸಿಲಿಂಡರ್ ಅಥವಾ ಪ್ಲೇಟ್ ಸಂಖ್ಯೆ, ಬಾಣದ ಗುರುತು, ಬಳಸಿದ ಒಂದೊಂದು ಶಾಯಿಗೂ ಒಂದೊಂದು ಬಣ್ಣದ ಚುಕ್ಕೆ ಸಿಗಬಹುದು. ಎಲ್ಲ ಶೀಟಿನಲ್ಲೂ ಎಲ್ಲವೂ ಇರುವುದಿಲ್ಲ. ಚುಕ್ಕೆಗಳ ಸಾಲಿಗೆ ನಮ್ಮಲ್ಲಿ ಎಲ್ಲರೂ ಅನ್ನುವುದು ಟ್ರಾಫಿಕ್ ಲೈಟ್. ಇದು ಅಂದಕ್ಕಷ್ಟೇ ಅಲ್ಲ, ಪತ್ತೇದಾರಿಕೆಗೂ ಉಪಯೋಗ. ‘ಬಣ್ಣ ಬಿಟ್ಟುಹೋದ ಎರರ್ ಶೀಟು’ (ಎರರ್ ಎಂದರೆ ಅಚ್ಚಿನಲ್ಲಿ ತಪ್ಪಾದದ್ದು) ಎಂದು ಯಾರಾದರೂ ಮಾರುತ್ತಿದ್ದರೆ ಮೊದಲು ಅಂಚಿನ ಚುಕ್ಕೆ ನೋಡಿ. ಇಡೀ ಶೀಟಿಗೆ ಹಳದಿ ಬಿದ್ದೇ ಇಲ್ಲ ಎಂದಾದರೆ ಹಳದಿ ಚುಕ್ಕೆಯೂ ಬಿದ್ದಿರಬಾರದು. ಚುಕ್ಕೆ ಕಣ್ಣು ಕುಕ್ಕುವಂತೆ ಇದ್ದು ಚಿತ್ರದಲ್ಲಿ ಮಾತ್ರ ಹಳದಿ ಮಾಯವಾಗಿದ್ದರೆ, ಬಿಸಿಲಿಗೋ ರಾಸಾಯನಿಕಕ್ಕೋ ಕೆಲಸ ಸಿಕ್ಕಿದೆ ಎಂದು ಅನುಮಾನಿಸಬೇಕು. ಅಂಚು ಕಿತ್ತ ಬಿಡಿ ಚೀಟಿಯಲ್ಲಿ ಈ ಸಾಕ್ಷಿಯೇ ಇರುವುದಿಲ್ಲ, ಎರರ್ ವ್ಯಾಪಾರದಲ್ಲಿ ಮೋಸ ಹೆಚ್ಚು ನಡೆಯುವುದೂ ಅಲ್ಲೇ.

ಹೆಸರುಗಳನ್ನೂ ಬೆರೆಸಬಾರದು. ಫುಲ್ ಶೀಟ್ ಎಂದರೆ ಅಂಚೆ ಕೌಂಟರಿನಲ್ಲಿ ಮಾರುವುದಕ್ಕಾಗಿ ಅಚ್ಚಾದದ್ದು. 35, 40, 42, 50 ಹೀಗೆ ಬೇರೆ ಬೇರೆ ಸಂಖ್ಯೆಯಲ್ಲಿ ಬರುತ್ತದೆ. ಶೀಟ್‌ಲೆಟ್ ಎಂದರೆ ಅಲಂಕಾರದ ಅಂಚಿರುವ ಕೆಲವೇ ಚೀಟಿಗಳ ಸಣ್ಣ ಹಾಳೆ. ಮಿನಿಯೇಚರ್ ಶೀಟು ಸಂಗ್ರಾಹಕರಿಗೆಂದೇ ಮಾಡಿದ್ದು. ಭಾರತದಲ್ಲಿ ಇದು ಶುರುವಾದದ್ದು 1973ರ ಇಂಡಿಪೆಕ್ಸ್ ಪ್ರದರ್ಶನದಿಂದ. ‘ಮೈ ಸ್ಟಾಂಪ್’ ಇನ್ನೊಂದೇ ಜಾತಿ: ಹಣ ಕಟ್ಟಿದವರ ಭಾವಚಿತ್ರ ಅಥವಾ ಸಂಸ್ಥೆಯ ಲಾಂಛನ ಸೇರಿಸಿ ಕೊಡುವ 12ರ ಹಾಳೆ. ಯಾರದೋ ಮದುವೆಯ ಮೈ ಸ್ಟಾಂಪನ್ನು ‘ಅತಿ ವಿರಳ’ ಎಂದು ಹರಾಜಿಗಿಡುವವರೂ ಇದ್ದಾರೆ. ವಿರಳ ಎನ್ನುವುದೇನೋ ನಿಜ. ಆ ಮದುವೆಗೆ ಹೋದವರಲ್ಲದೆ ಇನ್ನಾರಿಗೂ ಬೇಡ.

ಎಷ್ಟು ಅಚ್ಚಾಗಿದೆ ಎಂಬ ಪ್ರಶ್ನೆಗೆ ಉತ್ತರ ಬಿಡುಗಡೆಯ ದಿನ ಬರುವ ಬ್ರೋಷರಿನಲ್ಲೇ ಇರುತ್ತದೆ: ಮುಖಬೆಲೆ, ಮುದ್ರಿತ ಸಂಖ್ಯೆ, ಮುದ್ರಣ ವಿಧಾನ, ಮುದ್ರಣಾಲಯ. ಲಕ್ಷಗಟ್ಟಲೆ ಅಚ್ಚಾದದ್ದಕ್ಕೆ ರೇರ್ ಎಂದು ಬರೆದರೆ ತಿಳಿದವರು ಮುಂದಿನ ಪುಟಕ್ಕೆ ಹೋಗುತ್ತಾರೆ. ಈಚಿನ ಬಿಡುಗಡೆಗಳಿಗೆ ಇನ್ನೊಂದು ತೊಡಕಿದೆ. ಅವು ಬೆಂಗಳೂರು ಜಿಪಿಒದಲ್ಲಿರುವಂಥ, ಸಂಗ್ರಾಹಕರಿಗೆಂದೇ ಇರುವ ಫಿಲಾಟೆಲಿ ಬ್ಯೂರೋಗಳಲ್ಲಿ ಮುಖಬೆಲೆಗೇ ಸಿಗುತ್ತಿರುವಷ್ಟು ದಿನ ನಿಮ್ಮ ಶೀಟಿಗೆ ಮೇಲ್ಬೆಲೆ ಕೊಡುವ ಕಾರಣ ಯಾರಿಗೂ ಇಲ್ಲ. ಬ್ಯೂರೋದಲ್ಲಿ ಮುಗಿದ ಮೇಲೆಯೇ ಹರಾಜಿಗೆ ಅರ್ಥ. ಅಲ್ಲಿಯವರೆಗೆ 5 ರೂಪಾಯಿಯ 40ರ ಶೀಟಿನಲ್ಲಿ 200 ರೂಪಾಯಿ ಕಟ್ಟಿಹಾಕಿಕೊಂಡು ಕೂರಬೇಕು. ಎಪ್ಪತ್ತರ ದಶಕದ 25 ಪೈಸೆಯ ಶೀಟಿನಲ್ಲಿ ಮುಖಬೆಲೆ ಬರೀ 10 ರೂಪಾಯಿ. ಅಲ್ಲಿ ಬೆಲೆ ನಿರ್ಧರಿಸುವುದು ಗೋಂದಿನ ಆರೋಗ್ಯ ಮಾತ್ರ.

ಮಳೆಗಾಲ ಮತ್ತು ಗೋಂದು

ಮಂಗಳೂರು, ಉಡುಪಿ, ಮಡಿಕೇರಿಯ ಕಡೆಯಿಂದ ಬರುವ ಹಳೆಯ ಶೀಟುಗಳನ್ನು ನೋಡಿದವರಿಗೆ ಈ ಭಾಗ ಹೇಳಬೇಕಿಲ್ಲ. ಗೋಂದು ಗಾಳಿಯ ತೇವವನ್ನು ಹೀರುತ್ತದೆ. ಹೀರಿದಾಗ ಶೀಟು ಪಕ್ಕದ ಹಾಳೆಗೆ ಅಂಟಿಕೊಳ್ಳುತ್ತದೆ, ಒಣಗಿದಾಗ ಹುರಿಯಲು ಹಾಕಿದ ಹಪ್ಪಳದಂತೆ ಸುತ್ತಿಕೊಳ್ಳುತ್ತದೆ. ತೇವ ಬಹಳ ದಿನ ನಿಂತರೆ ತೂತುಗಳ ಅಂಚಿನಿಂದ ಶುರುವಾಗಿ ಕಂದು ಚುಕ್ಕೆ ಹಬ್ಬುತ್ತದೆ. ವ್ಯಾಪಾರದಲ್ಲಿ ಇದಕ್ಕೆ ರಸ್ಟ್ ಎನ್ನುತ್ತಾರೆ, ತೆಳುವಾಗಿ ಇಡೀ ಕಾಗದ ಹಳದಿಗಟ್ಟಿದ್ದರೆ ಟೋನಿಂಗ್. ರಸ್ಟ್ ಹಿಡಿದ ಒಂದು ಶೀಟನ್ನು ಉಳಿದವುಗಳ ಜೊತೆ ಇಟ್ಟರೆ ಅವಕ್ಕೂ ದಾಟಬಹುದು, ಬೇರೆ ಇಡಬೇಕು. ಬ್ಲೀಚ್ ಮಾಡಿ ಚುಕ್ಕೆ ತೆಗೆಯುವ ವಿದ್ಯೆ ಬಲ್ಲವರಿದ್ದಾರೆ. ಆದರೆ ನೀರು ಸೋಕಿದರೆ ಗೋಂದು ಹೋಯಿತು, ಗೋಂದು ಹೋದ ಶೀಟು ಮಿಂಟ್ (ಬಳಸದೆ ಹೊಸದರಂತೆಯೇ ಉಳಿದದ್ದು) ಅಲ್ಲ. ಹಾಗೆ ಮಾಡಿದ್ದನ್ನು ಹೇಳದೆ ಮಾರುವುದು ಮೋಸ.

ಎರಡು ಶೀಟು ಅಂಟಿಕೊಂಡಿದ್ದರೆ ಬೆರಳಿನಿಂದ ಬಿಡಿಸಲು ಹೋಗಬಾರದು. ಮುಚ್ಚಳದ ಡಬ್ಬಿಯಲ್ಲಿ ಒದ್ದೆ ಸ್ಪಂಜು ಇಟ್ಟು, ಅದು ತಾಗದಂತೆ ಜಾಲರಿಯ ಮೇಲೆ ಶೀಟಿಟ್ಟು, ಆಗಾಗ ತೆಗೆದು ನೋಡುತ್ತ ಆವಿಯಿಂದಲೇ ಬಿಡಿಸುವುದು ಒಂದು ದಾರಿ. ಅದರಲ್ಲೂ ಗೋಂದಿನ ಹೊಳಪು ಕೆಡುತ್ತದೆ, ಅದನ್ನು ವಿವರಣೆಯಲ್ಲಿ ಬರೆಯಬೇಕು.

ಇಡುವ ವಿಧಾನ ಸರಳ. ಮೃದುವಾದ ಪಿವಿಸಿ ಫೈಲು ಬೇಡ. ಪ್ಲಾಸ್ಟಿಕ್ಕನ್ನು ಮೆದುವಾಗಿಸಲು ಅದರೊಳಗೆ ಸೇರಿಸಿದ ರಾಸಾಯನಿಕ ವರ್ಷ ಕಳೆದಂತೆ ಹೊರಬಂದು ಶಾಯಿಯನ್ನು ಎಳೆಯುತ್ತದೆ. ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಕವರು ಸರಿ. ರಬ್ಬರ್ ಬ್ಯಾಂಡು ಕರಗಿ ಕಲೆ ಮಾಡುತ್ತದೆ. ಸ್ಟೇಪ್ಲರ್ ಪಿನ್ನು ತುಕ್ಕು ಹಿಡಿಯುತ್ತದೆ; ಕೌಂಟರಿನಲ್ಲಿ ಹಲವು ಶೀಟು ಸೇರಿಸಿ ಅಂಚಿಗೆ ಪಿನ್ ಹೊಡೆಯುವ ರೂಢಿ ಕೆಲವೆಡೆ ಇರುವುದರಿಂದ ಕೊಳ್ಳುವಾಗಲೇ ಪಿನ್ ಬೇಡ, ಮಡಿಸುವುದೂ ಬೇಡ ಎಂದು ಕೇಳಿಕೊಳ್ಳಬೇಕು. ದೊಡ್ಡ ಅಳತೆಯ ಗಟ್ಟಿ ರಟ್ಟಿನ ಫೈಲನ್ನು ನಾವೇ ಒಯ್ದರೆ ಕೌಂಟರಿನವರಿಗೂ ಅನುಕೂಲ. ಸುತ್ತಲಿನ ಗಾಳಿಯ ತೇವಾಂಶ ಶೇ. 50ರ ಆಚೀಚೆ ಇದ್ದರೆ ಸಾಕು. ಸಿಲಿಕಾ ಜೆಲ್ ಅತಿಯಾಗಿ ತುಂಬಿದರೆ ಗೋಂದು ಒಣಗಿ ಬಿರಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯಲ್ಲಿ ಶೀಟುಗಳನ್ನು ಹೊರತೆಗೆದು ಸ್ಕ್ಯಾನ್ ಮಾಡುವ ಕೆಲಸವನ್ನೇ ಇಟ್ಟುಕೊಳ್ಳದಿರುವುದು ಮೇಲು. ಬೇಸಿಗೆಯಲ್ಲಿ ಸ್ಕ್ಯಾನ್ ಮುಗಿಸಿಟ್ಟು ಮಳೆಗಾಲದಲ್ಲಿ ಮಾರಬಹುದು.

ಗಂಧದ ಚೀಟಿಗಳದ್ದು ಬೇರೆ ಸಂಕಟ. 2006ರ ಶ್ರೀಗಂಧ, 2007ರ ಗುಲಾಬಿ, 2008ರ ಮಲ್ಲಿಗೆ, 2017ರ ಏಪ್ರಿಲಿನಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ 100 ರೂಪಾಯಿಯ ಕಾಫಿ, ಇವುಗಳಿಗೆ ಕೊಳ್ಳುವವರು ಕೇಳುವ ಮೊದಲ ಪ್ರಶ್ನೆ ‘ವಾಸನೆ ಇದೆಯಾ?’ ಉಜ್ಜಿದಷ್ಟೂ ವಾಸನೆ ಖರ್ಚಾಗುತ್ತದೆ, ಉಜ್ಜದಿದ್ದರೂ ವರ್ಷಗಳಲ್ಲಿ ಕರಗುತ್ತದೆ. ಇದೆ ಎಂದು ಮಾತು ಕೊಡದಿರುವುದೇ ಕ್ಷೇಮ.

ಕಾಣುವಂತೆ ತೋರಿಸುವುದು

ಹರಾಜಿನಲ್ಲಿ ಶೀಟು ಸೋಲುವುದು ಹೆಚ್ಚಾಗಿ ಚಿತ್ರದಲ್ಲಿ. ಮೊಬೈಲ್ ಕ್ಯಾಮೆರಾ ಅಂಚುಗಳನ್ನು ಬಾಗಿಸುತ್ತದೆ, ಬಣ್ಣ ಬದಲಿಸುತ್ತದೆ, ಹೊಳಪು ಹಿಡಿಯುತ್ತದೆ. ಫ್ಲಾಟ್‌ಬೆಡ್ ಸ್ಕ್ಯಾನರ್ ಬೇಕು. ಅದರಲ್ಲಿ ಎರಡು ತಂತ್ರಜ್ಞಾನ ಇವೆ. ತೆಳ್ಳಗಿನ ಅಗ್ಗದ ಸಿಐಎಸ್ ಯಂತ್ರದಲ್ಲಿ ಗಾಜಿಗೆ ತಾಗಿದ ಭಾಗ ಮಾತ್ರ ಸ್ಪಷ್ಟ, ಗೋಂದಿನಿಂದ ಸ್ವಲ್ಪ ಬಾಗಿದ ಶೀಟು ಅಲ್ಲಲ್ಲಿ ಮಸುಕಾಗುತ್ತದೆ. ಸಿಸಿಡಿ ಇರುವ ದಪ್ಪ ಯಂತ್ರ ಹಳೆಯದಾದರೂ ಇದಕ್ಕೆ ಒಳ್ಳೆಯದು. ಹಿನ್ನೆಲೆಗೆ ಕಪ್ಪು ಕಾಗದ, ಆಗ ಹಲ್ಲುಗಳು ಒಂದೊಂದಾಗಿ ಎದ್ದು ಕಾಣುತ್ತವೆ. ಇಡೀ ಶೀಟು 300 ಡಿಪಿಐ, ಮೂಲೆ ಮತ್ತು ಅಂಚಿನ ಬರಹ 600. ಎ4 ಗಾಜಿಗೆ ಹಿಡಿಸದ ಶೀಟನ್ನು ಎಂದೂ ಮಡಿಸಬಾರದು. ಒಂದು ಸಾಲು ಎರಡರಲ್ಲೂ ಬರುವಂತೆ ಎರಡು ಸಲ ಸ್ಕ್ಯಾನ್ ಮಾಡಿ ಎರಡನ್ನೂ ಹಾಕಿದರಾಯಿತು. ಜೋಡಿಸಿ ಒಂದೇ ಚಿತ್ರ ಮಾಡುವ ಸಾಫ್ಟ್‌ವೇರ್ ಚಂದ, ಆದರೆ ಜೋಡಿಸಿದ ಗೆರೆ ನೋಡಿ ‘ಇಲ್ಲಿ ಹರಿದಿದೆಯಾ’ ಎಂದು ಕೇಳುವವರು ಬರುತ್ತಾರೆ. ಸ್ವಯಂಚಾಲಿತ ಬಣ್ಣ ತಿದ್ದುವಿಕೆ ಆಫ್ ಇರಲಿ, ಇಲ್ಲದಿದ್ದರೆ ಟೋನಿಂಗ್ ಮಾಯವಾಗಿ ಜಗಳ ಹುಟ್ಟುತ್ತದೆ. ಗೋಂದಿನ ಬದಿಯ ಸ್ಕ್ಯಾನ್ ಇಲ್ಲದ ಶೀಟಿಗೆ ಅನುಭವಿಗಳು ಬಿಡ್ ಹಾಕುವುದು ಅಪರೂಪ.

ವಿವರಣೆಯಲ್ಲಿ ಹೊಗಳಿಕೆಗಿಂತ ಗಾಯಗಳ ಪಟ್ಟಿ ಹೆಚ್ಚು ಮಾರುತ್ತದೆ. ಉದಾಹರಣೆಗೆ: ‘40ರ ಪೂರ್ತಿ ಶೀಟು, ನಾಲ್ಕೂ ಅಂಚು ಇದೆ. ನಾಲ್ಕು ಮತ್ತು ಐದನೇ ಸಾಲಿನ ನಡುವೆ ತೂತುಸಾಲಿನ ಮೇಲೆ ಒಂದು ಮಡಿಕೆ. ಎಡ ಅಂಚಿನಲ್ಲಿ 2 ಸೆಂ.ಮೀ. ತೂತು ಬಿಟ್ಟಿದೆ, ಚೀಟಿಗೆ ತಾಗಿಲ್ಲ. ಮೇಲಿನ ಅಂಚಿನಲ್ಲಿ ಎರಡು ಪಿನ್ ತೂತು. ಗೋಂದು ಪೂರ್ಣ, ಎಂಎನ್‌ಎಚ್; ಬಲ ಕೆಳಮೂಲೆಯ ಎರಡು ಚೀಟಿಯಲ್ಲಿ ತೆಳು ಟೋನಿಂಗ್, ಮೂರನೇ ಚಿತ್ರ ನೋಡಿ.’ ಎಂಎನ್‌ಎಚ್ ಎಂದರೆ ಹಿಂಜ್ (ಚೀಟಿಯನ್ನು ಆಲ್ಬಮ್ಮಿಗೆ ಅಂಟಿಸುವ ಕಾಗದದ ತುಣುಕು) ತಾಗದ, ಗೋಂದು ಕೆಡದ ಮಿಂಟ್. ತೂತುಸಾಲಿನ ಮೇಲಿನ ಮಡಿಕೆಯನ್ನು ಹಳೆಯ ಶೀಟಿನಲ್ಲಿ ಎಲ್ಲರೂ ಒಪ್ಪುತ್ತಾರೆ, ಚೀಟಿಯ ಮೈಮೇಲೆ ಹಾದ ಮಡಿಕೆಯನ್ನು ಒಪ್ಪುವುದಿಲ್ಲ. ತಲೆಬರಹದಲ್ಲಿ ವರ್ಷ, ಮುಖಬೆಲೆ, ಚೀಟಿಗಳ ಸಂಖ್ಯೆ, ವಿಷಯ ಇಷ್ಟೇ ಸಾಕು. 1960ರ ವಿಶ್ವೇಶ್ವರಯ್ಯ, 1967ರ ಬಸವೇಶ್ವರ ಇಂಥ ಚೀಟಿಗಳನ್ನು ಹುಡುಕುವವರಲ್ಲಿ ಊರಿನವರಷ್ಟೇ ಹೊರದೇಶದ ಕನ್ನಡಿಗರೂ ಇರುತ್ತಾರೆ. ಹೆಸರನ್ನು ಕನ್ನಡದಲ್ಲೂ ಒಮ್ಮೆ ಬರೆದರೆ ನಷ್ಟವೇನಿಲ್ಲ. ವಿಶ್ವೇಶ್ವರಯ್ಯನವರ ಹೆಸರಿಗಂತೂ ಇಂಗ್ಲಿಷಿನಲ್ಲಿ ಎರಡು ಮೂರು ಕಾಗುಣಿತ ಇವೆ, ಎಲ್ಲವನ್ನೂ ಸೇರಿಸಬೇಕು.

ಕೊನೆಯ ಹತ್ತು ಸೆಕೆಂಡು

ಇಬೇ ಎಂಬ ಅಂತರರಾಷ್ಟ್ರೀಯ ಮಾರಾಟ ತಾಣದ ಮಾದರಿಯ ಹರಾಜಿನಲ್ಲಿ ಬಿಡ್‌ದಾರ ತಾನು ಕೊಡಬಲ್ಲ ಗರಿಷ್ಠ ಮೊತ್ತ ಬರೆಯುತ್ತಾನೆ. ಯಂತ್ರ ಅವನ ಪರವಾಗಿ ಎದುರಾಳಿಗಿಂತ ಒಂದು ಮೆಟ್ಟಿಲು ಮಾತ್ರ ಮೇಲೇರುತ್ತದೆ. ಒಬ್ಬ 40 ಡಾಲರ್, ಇನ್ನೊಬ್ಬ 31 ಡಾಲರ್ ಬರೆದಿದ್ದರೆ ಶೀಟು 32ಕ್ಕೆ ಹೋಗುತ್ತದೆ, 40ಕ್ಕಲ್ಲ. ಅಂದರೆ ಬೆಲೆಯನ್ನು ಕಟ್ಟುವವನು ಗೆದ್ದವನಲ್ಲ, ಎರಡನೆಯವನು. ಆ ಎರಡನೆಯವನು ಆ ವಾರ ಜ್ವರ ಬಂದು ಮಲಗಿದ್ದರೆ ಶೀಟು ಆರಂಭದ ಬೆಲೆಗೇ ಹೋಯಿತು. 1 ಡಾಲರಿನಿಂದ ಶುರುಮಾಡಿದರೆ ಜನ ಸೇರುತ್ತಾರೆ ಎಂಬ ಉಪದೇಶ ನಿಜವಾಗುವುದು ಖಂಡಿತವಾಗಿ ಇಬ್ಬರು ಬೇಡುವವರಿರುವ ಮಾಲಿಗೆ ಮಾತ್ರ: ರೈಲು, ಗಾಂಧಿ, 2013ರ ತೆಂಡೂಲ್ಕರ್, ನಿಜವಾದ ಎರರ್. ಉಳಿದ ಶೀಟುಗಳಿಗೆ ಹರಾಜೇ ಬೇಡ, ನಿಗದಿತ ಬೆಲೆ ಹಾಕಿ ಕಾಯುವುದು ಲೇಸು.

ರೈಲಿನ ಚಿತ್ರದ ಶೀಟೊಂದರ ಹರಾಜು ನೋಡಿದ್ದು ನೆನಪಿದೆ. ಆರು ದಿನ ಯಾರೂ ಇಲ್ಲ. ಇಪ್ಪತ್ತೈದು ಮೂವತ್ತು ಜನ ‘ವಾಚ್’ ಒತ್ತಿ ಕೂತಿದ್ದರು, ಬೆಲೆ ಮಾತ್ರ ಶುರುವಿನಲ್ಲೇ ಇತ್ತು. ಮಾರುವವನು ಧೈರ್ಯಗೆಟ್ಟು ನಡುವೆ ಹಿಂತೆಗೆದುಕೊಳ್ಳುತ್ತಾನೆ ಎನಿಸಿತ್ತು. ಕೊನೆಯ ಹತ್ತು ಸೆಕೆಂಡಿನಲ್ಲಿ ಬೆಲೆ ಮೂರು ಸಲ ಹಾರಿತು, ಪುಟ ಹೊಸದಾಗಿ ತೆರೆಯುವಷ್ಟರಲ್ಲಿ ಮುಗಿದಿತ್ತು. ಇಲ್ಲಿ ಗಡಿಯಾರ ಕಟ್ಟುನಿಟ್ಟು. ಹೊತ್ತಾಯಿತು ಎಂದರೆ ಆಯಿತು. ಅದಕ್ಕೇ ತಿಳಿದವರು ಮುಂಚೆಯೇ ಕೈ ತೋರಿಸುವುದಿಲ್ಲ. ನಮ್ಮ ವಾಟ್ಸಾಪ್ ಗುಂಪುಗಳ ಹರಾಜು ಹಾಗಲ್ಲ. ರಾತ್ರಿ ಒಂಬತ್ತಕ್ಕೆ ಮುಕ್ತಾಯ ಎಂದಿರುತ್ತದೆ, ಕೊನೆಗಳಿಗೆಯಲ್ಲಿ ಬಿಡ್ ಬಿದ್ದರೆ ಇನ್ನೈದು ನಿಮಿಷ ಎಂದು ಮುಂದೂಡುತ್ತಾರೆ, ಹಳೆಯ ಸವಾಲಿನ ‘ಒಂದು ಸಾರಿ, ಎರಡು ಸಾರಿ’ ಇದ್ದಂತೆಯೇ. ಮಾರುವವನಿಗೆ ಇದು ಹೆಚ್ಚು ಲಾಭ, ಶುಲ್ಕವೂ ಇಲ್ಲ. ಆದರೆ ಹಣ ಬಾರದಿದ್ದರೆ ಕೇಳುವ ಮೂರನೆಯವರಿಲ್ಲ, ಸ್ನೇಹಿತನ ಹೆಸರಲ್ಲಿ ತನ್ನ ಮಾಲಿಗೆ ತಾನೇ ಬಿಡ್ ಏರಿಸುವವರನ್ನು ಹಿಡಿಯುವುದೂ ಕಷ್ಟ.

ಮುಗಿಯುವ ಹೊತ್ತನ್ನು ಕೊಳ್ಳುವವನ ಊರಿಗೆ ಹೊಂದಿಸಬೇಕು. ಬೇಸಿಗೆಯಲ್ಲಿ ನ್ಯೂಯಾರ್ಕಿನ ಭಾನುವಾರ ರಾತ್ರಿ 8.30 ಎಂದರೆ ನಮಗೆ ಸೋಮವಾರ ಬೆಳಗ್ಗೆ 6. ಭಾರತದ ಮಧ್ಯಾಹ್ನಕ್ಕೆ ಮುಗಿಯುವ ಹರಾಜು ಅಮೆರಿಕದವರು ನಿದ್ದೆಯಲ್ಲಿರುವಾಗ ಮುಗಿಯುತ್ತದೆ. ಇನ್ನು ಇಬೇಯ ಭಾರತದ ತಾಣ 2018ರಲ್ಲೇ ಮುಚ್ಚಿರುವುದರಿಂದ ಇಲ್ಲಿನ ಮಾರಾಟಗಾರರಿಗೆ ಅದು ಈಗ ರಫ್ತಿನ ದಾರಿ ಮಾತ್ರ. ವ್ಯಾಪಾರವಾಗಿ ಕಳಿಸಲು ಐಇಸಿ ಸಂಖ್ಯೆ (ಆಮದು ರಫ್ತು ಮಾಡುವವರಿಗೆ ಸರ್ಕಾರ ಕೊಡುವ ನೋಂದಣಿ ಸಂಖ್ಯೆ) ಬೇಕು. ಶುಲ್ಕವನ್ನು ಲೆಕ್ಕ ಹಾಕುವಾಗ ಒಂದು ಸಂಗತಿ ತಪ್ಪಿಹೋಗುತ್ತದೆ: ಅಲ್ಲಿ ಕಮಿಷನ್ ಹಿಡಿಯುವುದು ಶೀಟಿನ ಬೆಲೆಯ ಮೇಲಷ್ಟೇ ಅಲ್ಲ, ಅಂಚೆ ವೆಚ್ಚವೂ ಸೇರಿದ ಒಟ್ಟು ಮೊತ್ತದ ಮೇಲೆ. 10 ಡಾಲರಿನ ಶೀಟಿಗೆ 8 ಡಾಲರ್ ಅಂಚೆ ಎಂದರೆ 18ರ ಮೇಲೆ. ಕಮಿಷನ್ ನೂರಕ್ಕೆ 13 ಎಂದು ಇಟ್ಟುಕೊಂಡರೂ 2.34 ಡಾಲರ್ ಹೋಯಿತು. ಕರೆನ್ಸಿ ಬದಲಾವಣೆಯಲ್ಲಿ ಇನ್ನಷ್ಟು. ಅಗ್ಗದ ಶೀಟು ಒಂದೊಂದಾಗಿ ಕಳಿಸುವುದರಲ್ಲಿ ಗಿಟ್ಟುವುದೇನಿಲ್ಲ, ನಾಲ್ಕೈದು ಸೇರಿಸಿ ಒಂದೇ ಲಾಟ್ ಮಾಡಬೇಕು.

ಅಂದ ಹಾಗೆ, ವಿದೇಶಿ ಹೆಸರಿನ ಬಣ್ಣಬಣ್ಣದ ಶೀಟ್‌ಲೆಟ್‌ಗಳನ್ನು ಸಗಟಾಗಿ ಕೊಂಡು ಮಾರುವ ಆಸೆ ಇದ್ದವರು ಎಚ್ಚರ. ಆಯಾ ದೇಶದ ಅಂಚೆ ಇಲಾಖೆಗೆ ಗೊತ್ತೇ ಇಲ್ಲದೆ ಯಾರೋ ಅಚ್ಚುಹಾಕಿದ ಅಕ್ರಮ ಹಾಳೆಗಳು ಇದರಲ್ಲಿ ಬೇಕಾದಷ್ಟು ಇವೆ: ಚೆಸ್, ರೈಲು, ನಾಯಿ, ಸಿನಿಮಾ ತಾರೆ. ವಿಶ್ವ ಅಂಚೆ ಒಕ್ಕೂಟದ ಡಬ್ಲ್ಯುಎನ್‌ಎಸ್ ಪಟ್ಟಿ 2002ರಿಂದೀಚಿನ ಅಧಿಕೃತ ಚೀಟಿಗಳಿಗೆ ಸಂಖ್ಯೆ ಕೊಡುತ್ತದೆ. ಎಲ್ಲ ದೇಶಗಳೂ ಅದರಲ್ಲಿಲ್ಲ, ಆದರೂ ಮೊದಲು ನೋಡಬೇಕಾದ ಜಾಗ ಅದು.

ರಟ್ಟು, ಟೇಪು, ದಾರಿ

ಶೀಟನ್ನು ಕೊಳವೆಯಲ್ಲಿ ಸುತ್ತಿ ಕಳಿಸಬಾರದು. ಹಳೆಯ ಗೋಂದು ಸುತ್ತಿದಾಗ ಬಿರಿಯುತ್ತದೆ, ಬಿರುಕು ಕಾಗದಕ್ಕೂ ಇಳಿಯಬಹುದು. ಬಿಡಿಸಿದ ಮೇಲೆ ಶೀಟು ಚಪ್ಪಟೆಯಾಗಿ ನಿಲ್ಲುವುದೂ ಇಲ್ಲ. ಚಪ್ಪಟೆಯಾಗಿಯೇ ಹೋಗಬೇಕು. ಶೀಟನ್ನು ಅದಕ್ಕಿಂತ ತುಸು ದೊಡ್ಡ ಪಾಲಿಪ್ರೊಪಿಲೀನ್ ಕವರಿಗೆ ಜಾರಿಸಿ, ಬಾಯಿ ಮಡಿಸಿ, ಅಲ್ಲಿ ಟೇಪು ಹಚ್ಚದೆ ಬಿಡಬೇಕು. ಬಾಯಿಗೆ ಹಚ್ಚಿದ ಟೇಪು ಕೊಳ್ಳುವವನು ಶೀಟು ಎಳೆಯುವಾಗ ಅಂಚಿಗೆ ಅಂಟಿಕೊಳ್ಳುತ್ತದೆ. ಕವರಿನ ಎರಡು ಬದಿಯನ್ನು ಪೇಂಟರ್ಸ್ ಟೇಪಿನಿಂದ ಒಂದು ರಟ್ಟಿಗೆ ಹಚ್ಚಿದರೆ ಒಳಗೆ ಜಾರಾಡುವುದಿಲ್ಲ. ರಟ್ಟು ನಾಲ್ಕೂ ಕಡೆ ಶೀಟಿಗಿಂತ ಒಂದು ಇಂಚು ದೊಡ್ಡದಿರಲಿ, ಏಕೆಂದರೆ ದಾರಿಯಲ್ಲಿ ಮೊದಲು ನಜ್ಜಾಗುವುದು ಮೂಲೆ. ಮೇಲೆ ಎರಡನೇ ರಟ್ಟು. ಸುಕ್ಕುರಟ್ಟಾದರೆ ಒಂದರ ಗೆರೆ ಉದ್ದಕ್ಕೆ, ಇನ್ನೊಂದರದು ಅಡ್ಡಕ್ಕೆ. ಒಂದೇ ದಿಕ್ಕಿಗಿದ್ದರೆ ಎರಡೂ ಒಟ್ಟಿಗೆ ಮಡಿಯುತ್ತವೆ. ಎಲ್ಲಕ್ಕೂ ಹೊರಗೆ ನೀರು ಹೋಗದ ಪ್ಲಾಸ್ಟಿಕ್, ಆಮೇಲೆ ಲಕೋಟೆ. ‘ಮಡಿಸಬೇಡಿ’ ಎಂದು ಬರೆಯಬಹುದು, ನಂಬಿಕೆ ಮಾತ್ರ ರಟ್ಟಿನ ಮೇಲಿರಲಿ. ಕಿರಿದಾದ ಅಂಚೆಪೆಟ್ಟಿಗೆಗೆ ತುರುಕಬೇಕಾದ ಅಂಚೆಯಣ್ಣನಿಗೆ ಆ ಬರಹಕ್ಕಿಂತ ಬಗ್ಗದ ರಟ್ಟೇ ಸ್ಪಷ್ಟವಾಗಿ ಹೇಳುತ್ತದೆ.

ದೇಶದೊಳಗೆ ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ; ಹಳೆಯ ಲೆಕ್ಕದಲ್ಲಿ ಅಂಚೆ ವೆಚ್ಚ ಹಾಕಿಟ್ಟವರು ತಿದ್ದಿಕೊಳ್ಳಬೇಕು. ಹೊರದೇಶಕ್ಕೆ ಸಣ್ಣ ಲಕೋಟೆಯಾದರೆ ಸಿಎನ್ 22 ಕಸ್ಟಮ್ಸ್ ಚೀಟಿ ಹಚ್ಚಬೇಕು, ಸಂಗ್ರಹಯೋಗ್ಯ ಅಂಚೆಚೀಟಿಯ ಸುಂಕ ಶೀರ್ಷಿಕೆ 9704. ‘ಗಿಫ್ಟ್’ ಎಂದು ಬರೆಯಿರಿ ಎಂದು ಕೆಲವು ಗಿರಾಕಿಗಳು ಕೇಳುತ್ತಾರೆ. ಬರೆದರೆ ಕಳೆದುಹೋದಾಗ ಪರಿಹಾರ ಕೇಳುವುದೂ ಕಷ್ಟವಾಗಬಹುದು. ಅಮೆರಿಕ 800 ಡಾಲರಿನೊಳಗಿನ ಸರಕಿಗೆ ಕೊಡುತ್ತಿದ್ದ ಸುಂಕ ವಿನಾಯಿತಿಯನ್ನು 2025ರ ಆಗಸ್ಟ್ 29ರಿಂದ ತೆಗೆದಾಗ ನಮ್ಮ ಅಂಚೆ ಅಲ್ಲಿಗೆ ಪಾರ್ಸೆಲ್ ನಿಲ್ಲಿಸಿ, ಅಕ್ಟೋಬರಿನಲ್ಲಿ ಮತ್ತೆ ಶುರುಮಾಡಿತು. ಅಂಥ ಹೊತ್ತಿನಲ್ಲಿ ಹರಾಜು ಮುಗಿದಿದ್ದರೆ ಗಿರಾಕಿಗೆ ತಕ್ಷಣ ಬರೆದು ಹಣ ಹಿಂದಿರುಗಿಸುವ ಆಯ್ಕೆ ಕೊಡಬೇಕು. ಲಕೋಟೆಯ ಮೇಲೆ ಯಂತ್ರದ ಲೇಬಲ್ ಬದಲು ಸ್ಮರಣಾರ್ಥ ಚೀಟಿಗಳನ್ನೇ ಹಚ್ಚಿ, ಅಂಚೆ ಕಚೇರಿಯ ಕೈಮುದ್ರೆ ಹಗುರವಾಗಿ ಒತ್ತಿಸಿ ಕಳಿಸಿದರೆ ಕೊಂಡವನಿಗೆ ಲಕೋಟೆಯೂ ಒಂದು ಸಂಗ್ರಹ. ಹರಾಜಿನಲ್ಲಿ ಹೋಗದೆ ಉಳಿದ ಈಚಿನ ಶೀಟುಗಳಿಗೆ ಇದಕ್ಕಿಂತ ಒಳ್ಳೆಯ ಬಳಕೆ ಇಲ್ಲ. ಮುಖಬೆಲೆ ಪೂರ್ತಿ ಸಿಕ್ಕಿತು, ಕಮಿಷನ್ ಇಲ್ಲ.

ಕಡೆಯದಾಗಿ ವಾಪಸಾತಿ. ಶೀಟು ಹರಿದು ಬಂದಿದೆ ಎಂದು ಗಿರಾಕಿ ಬರೆದರೆ ಲಕೋಟೆ, ರಟ್ಟು, ಶೀಟು ಮೂರರ ಚಿತ್ರವನ್ನೂ ಕೇಳಬೇಕು. ರಟ್ಟು ನೆಟ್ಟಗಿದ್ದು ಒಳಗಿನ ಶೀಟು ಮಾತ್ರ ಮಡಿದಿರುವುದು ಅಪರೂಪ. ವಾಪಸು ಬಂದ ಶೀಟು ನೀವು ಕಳಿಸಿದ್ದೇ ಎಂದು ಖಚಿತಪಡಿಸಲು ಅಂಚಿನ ಶೀಟ್ ಸಂಖ್ಯೆ ನೆರವಾಗುತ್ತದೆ. ಸಂಖ್ಯೆ ಇಲ್ಲದ ಶೀಟಿನಲ್ಲಿ ಮೂಲೆಯ ತೂತುಗಳು ಅಂಚನ್ನು ಎಲ್ಲಿ ಕತ್ತರಿಸಿವೆ, ಪಿನ್ ತೂತು ಎಲ್ಲಿದೆ ಎಂದು 600 ಡಿಪಿಐ ಸ್ಕ್ಯಾನಿನ ಜೊತೆ ಇಟ್ಟು ನೋಡಿದರೆ ಗೊತ್ತಾಗುತ್ತದೆ. ಆ ಸ್ಕ್ಯಾನುಗಳನ್ನು ವಾಪಸಾತಿಯ ಅವಧಿ ಮುಗಿಯುವವರೆಗಾದರೂ ಅಳಿಸಬಾರದು.